ಆಯಿಯ ತಲೆಯ ಮೇಲಿನ ಅಡಿಕೆ ಮರ

"ಎನ್ನ ತಲೆ ಮೇಲೆ ಇದೆಂತದಾ ತಮಾ, ಕೋಡು?"

ಕೊನೆ ಕೊಯ್ಲಿಗೆಂದು, ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲಕ್ಕೆಂದು, ಎರಡು ವಾರ ರಜೆ ಹಾಕಿ ಊರಲ್ಲಿ ಕೂತು ನಾನು ತೆಗೆದದ್ದು 1,100ಕ್ಕೂ ಮಿಕ್ಕಿದ ಫೋಟೊ. ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೋರಿಸುತ್ತ ಹೋದಾಗ ಆಯಿ, ಅಂದರೆ ನನ್ನ ಅಮ್ಮ, ಬಾಯಿಬಿಟ್ಟು ಕೇಳಿದ್ದು ಇದೊಂದೇ. ನೋಡಿದರೆ ಹೌದು. ಉದುರಡಿಕೆ ಹೆಕ್ಕಿದ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಿಂತ ಆಯಿಯ ತುರುಬಿನಿಂದ ಒಂದು ಅಡಿಕೆ ಮರ ನೆಟ್ಟಗೆ ಎದ್ದು ಫೋಟೊದ ಆಚೆ ಹೋಗಿತ್ತು. ಮುಂದಿನದರಲ್ಲಿ ಅಪ್ಪಯ್ಯನ ಕಿವಿಯಿಂದ ಒಂದು ಮರ. ಅದರ ಮುಂದಿನದರಲ್ಲಿ ಪಕ್ಕದ ಮನೆ ಮಾಣಿಯ ಎರಡು ಹೆಗಲಿನಿಂದ ಒಂದೊಂದು. ಮನೆಮಂದಿಗೆಲ್ಲ ಕೋಡು ಮೂಡಿಸಿ ಕೂತಿದ್ದೆ.

ಅಡಿಕೆ ತೋಟದಲ್ಲಿ ಎಲ್ಲಿ ನಿಂತರೂ ಹಿಂದೊಂದು ಮರ ಇದ್ದೇ ಇರುತ್ತದೆ, ಅದು ಬೇರೆ ಮಾತು. ನನ್ನನ್ನು ಕಾಡಿದ್ದು, ತೆಗೆಯುವಾಗ ಆ ಮರ ನನಗೆ ಕಾಣಿಸಲೇ ಇಲ್ಲವಲ್ಲ ಎನ್ನುವುದು.

ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕ್ ನೌಕರ. ಮನೆ ಶಿರಸಿ ಸೀಮೆಯ ಹಳ್ಳಿ. 2018ರಲ್ಲಿ ಒಂದು ನಿಕಾನ್ ಡಿ3400 ಕ್ಯಾಮೆರಾ ತಗೊಂಡೆ, ಜೊತೆಗೆ ಬರುವ 18-55 ಎಂಎಂ ಝೂಮ್ ಲೆನ್ಸಿನ ಸಮೇತ. ಬೆಳಕನ್ನು ಹದ ಮಾಡುವ ಅಪರ್ಚರ್, ಶಟರ್, ಐಎಸ್ಒ ಮೂರನ್ನೂ ಒಂದು ತಿಂಗಳಲ್ಲಿ ಉರು ಹೊಡೆದೆ. ಬೆಳಕು ಸರಿ ಇರುತ್ತಿತ್ತು, ಫೋಕಸ್ ಸರಿ ಇರುತ್ತಿತ್ತು, ಫೋಟೊ ಮಾತ್ರ ಸಪ್ಪೆ. ಎಲ್ಲ ಹೊಸಬರೂ ಮಾಡುವುದನ್ನೇ ನಾನೂ ಮಾಡಿದೆ: ಇನ್ನೊಂದು ಲೆನ್ಸ್ ತಂದೆ. 35 ಎಂಎಂ, ಎಫ್ 1.8, ಅಂದರೆ ಬಾಯಿ ಅಗಲಕ್ಕೆ ತೆರೆಯುವಂಥದ್ದು. ಹಿಂದಿನದೆಲ್ಲ ಮಸುಕಾಗಿ ಮುಖವೊಂದೇ ಎದ್ದು ಕಾಣುತ್ತದೆ ಎಂದು ಆಸೆ. ಮಸುಕಾಗುವುದೇನೋ ಆಯಿತು. ಮೊದಲು ತೆಳ್ಳಗಿದ್ದ ಕೋಡು ಈಗ ದಪ್ಪಗಾಗಿ, ಮಸುಕಾಗಿ ಅಲ್ಲೇ ನಿಂತಿತ್ತು.

ಕಾರಣ ಆಮೇಲೆ ತಿಳಿಯಿತು. ನಮಗಿರುವುದು ಎರಡು ಕಣ್ಣು. ಆಯಿ ಇಲ್ಲಿ, ಮರ ಹದಿನೈದು ಅಡಿ ಹಿಂದೆ ಎಂದು ಎರಡೂ ಕಣ್ಣು ಸೇರಿ ಬಿಡಿಸಿ ಹೇಳುತ್ತವೆ. ಮನಸ್ಸು ಆಯಿಯನ್ನು ಮಾತ್ರ ನೋಡಿ ಮರವನ್ನು ಬಿಟ್ಟುಬಿಡುತ್ತದೆ. ಕ್ಯಾಮೆರಾ ಒಕ್ಕಣ್ಣಿನದು. ಹಿಂದಿನದು, ಮುಂದಿನದು ಎಲ್ಲವನ್ನೂ ಹಪ್ಪಳದ ಹಾಗೆ ಒತ್ತಿ ಒಂದೇ ಹಾಳೆಗೆ ಹಚ್ಚುತ್ತದೆ. ಅಂದಿನಿಂದ ಕ್ಯಾಮೆರಾ ಎತ್ತುವ ಮೊದಲು ಒಂದು ಕಣ್ಣು ಮುಚ್ಚಿ ನೋಡುವ ಅಭ್ಯಾಸ ಮಾಡಿಕೊಂಡೆ. ತೋಟದಲ್ಲಿ ಕೆಲಸದವರು ಇದನ್ನು ನೋಡಿ ನಕ್ಕಿದ್ದುಂಟು. ನಗಲಿ, ಖರ್ಚಿಲ್ಲದ ಪಾಠ ಅದು.

ನಿಜವಾದ ತಿರುವು ಬಂದದ್ದು ಶಿರಸಿಯಲ್ಲಿ, ಸ್ಟುಡಿಯೋ ಮುಚ್ಚಿ ಮನೆಯಲ್ಲಿ ಕೂತಿದ್ದ ಹಿರಿಯರೊಬ್ಬರ ಜಗಲಿಯಲ್ಲಿ. ನಮ್ಮ ಮನೆಯ ಮದುವೆಗಳಿಗೆಲ್ಲ ಅವರದೇ ಫೋಟೊ. ನನ್ನ ಮೂವತ್ತು ಫೋಟೊ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಒಂದನ್ನು ಎತ್ತಿಕೊಂಡು ಬೆನ್ನು ನನ್ನ ಕಡೆ ಮಾಡಿ ಹಿಡಿದರು. "ಇದರ ನಾಲ್ಕು ಮೂಲೆಯಲ್ಲಿ ಏನೇನಿದೆ, ಹೇಳು ನೋಡನ." ನಾನೇ ತೆಗೆದದ್ದು, ಒಂದು ಮೂಲೆಯೂ ನೆನಪಾಗಲಿಲ್ಲ. ತಿರುಗಿಸಿ ತೋರಿಸಿದರು. ಒಂದರಲ್ಲಿ ಅರ್ಧ ಪ್ಲಾಸ್ಟಿಕ್ ಕೊಡ, ಒಂದರಲ್ಲಿ ಯಾರದೋ ಮೊಣಕೈ, ಮೇಲೆ ಬಲಕ್ಕೆ ಬಿಳಿಯ ಆಕಾಶದ ತುಂಡು. "ನೋಡುವವನ ಕಣ್ಣು ಈ ಆಕಾಶದ ತೂತಿನಲ್ಲಿ ಹೊರಗೆ ಹೋಗ್ತದೆ, ನಿನ್ನ ಆಯಿ ಹತ್ರ ಬರೂದೇ ಇಲ್ಲ" ಎಂದರು.

ಆಮೇಲೆ ಒಳಗಿಂದ ತಮ್ಮ ಹಳೆಯ ಯಾಶಿಕಾ ತಂದರು. ಒಂದರ ಮೇಲೊಂದು ಎರಡು ಲೆನ್ಸಿನ ಪೆಟ್ಟಿಗೆಯಂಥ ಕ್ಯಾಮೆರಾ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಆ ಫಿಲ್ಮಿನ ಒಂದು ರೋಲಿಗೆ ಬರುವುದು 12 ಚೌಕ ಫೋಟೊ. ಮದುವೆಮನೆಯಲ್ಲಿ ಧಾರೆಗೆ ಒಂದು, ತಾಳಿಗೆ ಒಂದು, ಸಪ್ತಪದಿಗೆ ಒಂದು ಎಂದು ಲೆಕ್ಕ ಹಾಕಿ ಒತ್ತುತ್ತಿದ್ದರಂತೆ. ನಾನು ಬಗ್ಗಿ ನೋಡಿದೆ. ಉಜ್ಜಿದ ಗಾಜಿನ ಮೇಲೆ ಅವರ ಅಂಗಳ, ತುಳಸಿಕಟ್ಟೆ ಬಿದ್ದಿತ್ತು, ಎಡ ಬಲಕ್ಕಾಗಿ ಬಲ ಎಡಕ್ಕಾಗಿ. ತುಳಸಿಕಟ್ಟೆ ನನಗೆ ತುಳಸಿಕಟ್ಟೆಯಾಗಿ ಕಾಣಲಿಲ್ಲ. ಒಂದು ಕೆಂಪು ಚೌಕ, ಅದರ ಮೇಲೆ ಹಸಿರು, ಹಿಂದೆ ಉದ್ದಕ್ಕೆ ಒಂದು ಕಪ್ಪು ಪಟ್ಟಿ. ಕಿಟಕಿಯಿಂದ ಹೊರಗೆ ನೋಡುವ ಹಾಗಲ್ಲ, ಆಗಲೇ ಮುದ್ರಿಸಿಟ್ಟ ಚಿತ್ರವನ್ನು ನೋಡುವ ಹಾಗೆ.

ಇಲ್ಲಿ ಒಂದು ಮಾತು. ವ್ಯೂಫೈಂಡರಿಗೆ ಕಣ್ಣಿಟ್ಟು ತೆಗೆದರೆ ಮಾತ್ರ ಫೋಟೊಗ್ರಾಫರ್, ಹಿಂದಿನ ಪರದೆ ನೋಡಿ ತೆಗೆಯುವವರು ಪ್ರವಾಸಿಗಳು ಎಂಬ ಜಂಬ ಎಷ್ಟೋ ಜನರಿಗೆ ಇದೆ. ನನಗೂ ಇತ್ತು. ಯಾಶಿಕಾ ನೋಡಿದ ಮೇಲೆ ಬಿಟ್ಟೆ. ಕಲಿಯುವವರಿಗೆ ಪರದೆಯೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಒಂದು ಮೊಳ ದೂರದಲ್ಲಿ ಹಿಡಿದಾಗ ಅದು ಚಿತ್ರದ ಹಾಗೆ ಕಾಣುತ್ತದೆ, ಅಂಚು ಅಂಚಾಗಿಯೇ ಕಾಣುತ್ತದೆ. ಇನ್ನೊಂದು ಕಾರಣವೂ ಇದೆ. ನನ್ನದರಂಥ ಆರಂಭಿಕ ದರ್ಜೆಯ ಡಿಎಸ್ಎಲ್ಆರ್‌ಗಳ ವ್ಯೂಫೈಂಡರ್ ತೋರಿಸುವುದು ಅಗಲದಲ್ಲಿ ಸುಮಾರು 95%, ಎತ್ತರದಲ್ಲಿ ಸುಮಾರು 95%. ಗುಣಿಸಿದರೆ 90%. ಅಂದರೆ ಚಿತ್ರದ ಹತ್ತರಲ್ಲಿ ಒಂದು ಪಾಲು ನಾನು ನೋಡದೆಯೇ ತೆಗೆಯುತ್ತಿದ್ದೆ. ಆ ಮೊಣಕೈ ಬಂದದ್ದು ಅಲ್ಲಿಂದ. ಲೈವ್ ವ್ಯೂ ಹಾಕಿ ಹಿಂದಿನ ಪರದೆಯಲ್ಲಿ ನೋಡಿದರೆ ಪೂರ್ತಿ ಕಾಣುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಅಷ್ಟೇ.

ಹಿರಿಯರು ಕಲಿಸಿದ ಕ್ರಮಕ್ಕೆ ನಾನು ಪ್ರದಕ್ಷಿಣೆ ಎಂದು ಹೆಸರಿಟ್ಟೆ. ಒತ್ತುವ ಮೊದಲು ಕಣ್ಣು ಒಂದು ಸುತ್ತು ಬರಬೇಕು: ಮೇಲಿನ ಎಡ ಮೂಲೆಯಿಂದ ಹೊರಟು ಬಲಕ್ಕೆ, ಕೆಳಗೆ, ಎಡಕ್ಕೆ, ಮತ್ತೆ ಮೇಲೆ. ದೇವರನ್ನು ಆಮೇಲೆ ನೋಡಿದರಾಯಿತು. ಮೊದಮೊದಲು ಇದಕ್ಕೆ ಐದಾರು ಸೆಕೆಂಡು ಹಿಡಿಯುತ್ತಿತ್ತು, ಅಷ್ಟರಲ್ಲಿ ಎದುರಿಗಿದ್ದವರು ತಿರುಗಿಬಿಡುತ್ತಿದ್ದರು. ತಪ್ಪಿಹೋದ ಫೋಟೊ ಎಷ್ಟೋ. ಈಗ ಅರೆಕ್ಷಣ ಸಾಕು.

ಅಂಚಿನಲ್ಲಿ ಬೇಡದ್ದು ಕಂಡರೆ ಏನು ಮಾಡುವುದು? ಝೂಮ್ ತಿರುಗಿಸುವುದು ನನ್ನ ಹಳೇ ಚಾಳಿ. ಕಾಲು ಎತ್ತಿಡುವುದನ್ನು ಕಲಿಯಲು ಒಂದು ಸುಗ್ಗಿಯೇ ಬೇಕಾಯಿತು. 35 ಎಂಎಂ ಲೆನ್ಸ್ ಆಗ ಉಪಕಾರಕ್ಕೆ ಬಂತು, ಮಸುಕು ಮಾಡಲಿಕ್ಕಲ್ಲ, ಝೂಮ್ ಇಲ್ಲದ ಕಾರಣಕ್ಕೆ. ಎರಡು ಹೆಜ್ಜೆ ಎಡಕ್ಕೆ ಇಟ್ಟರೆ ಆಯಿಯ ತಲೆಯ ಮರ ಪಕ್ಕಕ್ಕೆ ಸರಿದು ಎರಡು ಮರಗಳ ನಡುವಿನ ಕತ್ತಲು ಅವಳ ಹಿಂದೆ ಬರುತ್ತದೆ. ಬಿಳಿ ಕೂದಲಿನ ಹಿಂದೆ ಕತ್ತಲು ಬಂದದ್ದೇ, ಎಫ್ 1.8 ಕೊಡದ ಬಿಡುಗಡೆಯನ್ನು ಆ ಎರಡು ಹೆಜ್ಜೆ ಕೊಟ್ಟವು.

ಇದೇ ಕಾಲಿನ ಇನ್ನೊಂದು ಪಾಠ ಅಡಿಕೆ ಸುಲಿಯುವಾಗ ಸಿಕ್ಕಿತು. ರಾತ್ರಿ ಊಟ ಮುಗಿದ ಮೇಲೆ ಜಗಲಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಾಕಿಕೊಂಡು ಏಳೆಂಟು ಮಂದಿ ಕೂರುತ್ತಾರೆ. ನಾನು ನಿಂತು ತೆಗೆಯುತ್ತಿದ್ದೆ. ಬರುತ್ತಿದ್ದದ್ದು ಎಂಟು ನೆತ್ತಿ, ಉಳಿದಂತೆ ಬರೀ ನೆಲ, ಸಿಪ್ಪೆ. ಒಂದು ದಿನ ಸುಮ್ಮನೆ ಮಣೆ ಎಳೆದುಕೊಂಡು ಅವರ ಸಾಲಿನಲ್ಲೇ ಕೂತೆ. ಕ್ಯಾಮೆರಾ ಮೆಟ್ಟುಗತ್ತಿಯ ಎತ್ತರಕ್ಕೆ ಇಳಿಯಿತು. ಕತ್ತಿಯ ಅಲಗು ಮುಂದೆ, ಅದರ ಹಿಂದೆ ಬೆರಳು, ಅದರ ಹಿಂದೆ ಬಲ್ಬಿನ ಹಳದಿ ಬೆಳಕು ಬಿದ್ದ ಅರ್ಧ ಮುಖ. ಹತ್ತಿರ ಹೋದಷ್ಟೂ ಮುಂದಿನದು ದೊಡ್ಡದಾಗುತ್ತದೆ, ಹಿಂದಿನದು ದೂರ ಸರಿಯುತ್ತದೆ. ದೂರ ನಿಂತು ಝೂಮನ್ನು 55ಕ್ಕೆ ತಿರುಗಿಸಿ ತೆಗೆದರೆ ಮುಂದಿನ ಅಡಿಕೆ ರಾಶಿಯೂ ಹಿಂದಿನ ಗೋಡೆಯೂ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಲೆನ್ಸ್ ಮಾಡುವ ಮಾಯೆ ಎಂದುಕೊಂಡಿದ್ದೆ. ಅದು ನಾವು ನಿಂತ ದೂರ ಮಾಡುವ ಕೆಲಸ. ಲೆನ್ಸ್ ಎಷ್ಟು ಅಗಲ ಕತ್ತರಿಸಿ ಕೊಡಬೇಕು ಎಂಬುದನ್ನು ಮಾತ್ರ ನಿರ್ಧರಿಸುತ್ತದೆ. ಝೂಮಿನ ಅತಿ ಅಗಲದ ತುದಿಯಾದ 18ರಲ್ಲಿ ಮೂಗಿನ ಹತ್ತಿರ ಹೋಗಿ ಅಪ್ಪಯ್ಯನ ಫೋಟೊ ತೆಗೆದು, ಅವರ ಮೂಗನ್ನು ಬದನೆಕಾಯಿ ಮಾಡಿ ಬೈಸಿಕೊಂಡದ್ದೂ ಇದೇ ಕಾರಣಕ್ಕೆ.

ಇನ್ನು ಮೂರನೇ ಒಂದು ಭಾಗದ ನಿಯಮ. ಚೌಕಟ್ಟನ್ನು ಅಡ್ಡ ಎರಡು, ಉದ್ದ ಎರಡು ಗೆರೆಗಳಿಂದ ಒಂಬತ್ತು ಮನೆ ಮಾಡಿ, ಮುಖ್ಯವಾದದ್ದನ್ನು ಗೆರೆ ಸೇರುವ ಕಡೆ ಇಡಬೇಕು ಎನ್ನುವುದು. ಆರು ತಿಂಗಳು ಅದನ್ನೇ ಜಪ ಮಾಡಿದೆ. ಎಲ್ಲರನ್ನೂ ಬಲ ಗೆರೆಗೆ ನಿಲ್ಲಿಸಿದೆ, ಎಡಗಡೆ ಮೂರನೇ ಎರಡು ಪಾಲು ಬರೀ ಸುಣ್ಣದ ಗೋಡೆ. ಖಾಲಿ ಜಾಗಕ್ಕೂ ಏನಾದರೂ ಕೆಲಸ ಇರಬೇಕು, ಆ ಗೋಡೆಗೆ ಏನೂ ಇರಲಿಲ್ಲ. ಆಮೇಲೆ ಓದಿ ತಿಳಿದದ್ದು: ಈ ನಿಯಮಕ್ಕೆ ಹೆಸರು ಕೊಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ, 1797ರಲ್ಲಿ. ಛಾಯಾಗ್ರಹಣ ಎಂಬುದೇ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅವನು ಹೇಳಿದ್ದು ಭೂದೃಶ್ಯದ ಚಿತ್ರ ಬರೆಯುವವರಿಗೆ, ನೆಲಕ್ಕೆ ಒಂದು ಪಾಲು ಕೊಟ್ಟರೆ ಆಕಾಶಕ್ಕೆ ಎರಡು ಪಾಲು ಎಂಬಂಥ ಹಂಚಿಕೆಯನ್ನು. ಸಮ ಪಾಲು ಮಾಡಿದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ, ಒಂದು ಗೆಲ್ಲಲಿ ಎನ್ನುವುದು ಅದರ ತಿರುಳು ಎಂದು ನನಗೆ ಅರ್ಥವಾಯಿತು. ಹಾಗೆ ಓದಿಕೊಂಡ ಮೇಲೆ ಕೆಲಸಕ್ಕೆ ಬಂತು. ಈಗ ಪರದೆಯ ಮೇಲೆ ಆ ಗೆರೆಗಳ ಗ್ರಿಡ್ ಹಾಕಿಕೊಳ್ಳುವುದು ಮುಖ್ಯವಾಗಿ ಅಂಗಳದ ಗೆರೆ ಓರೆಯಾಗದಿರಲಿ ಎಂದು. ಮರದ ಬುಡದಲ್ಲಿ ನಿಂತು ನೇರ ಮೇಲಕ್ಕೆ, ಕೊನೆ ಕೊಯ್ಯಲು ಹತ್ತುತ್ತಿರುವ ಕೊನೆಗೌಡನ ಅಂಗಾಲು ತೆಗೆಯುವಾಗ ಅವನನ್ನು ನಟ್ಟನಡುವೆಯೇ ಇಡುತ್ತೇನೆ. ಸುತ್ತಲಿನ ಮರಗಳೆಲ್ಲ ಅವನ ಕಡೆಗೇ ಬಾಗಿ ಓಡುವಾಗ ಅವನನ್ನು ಮೂಲೆಗೆ ತಳ್ಳುವುದು ಮೂರ್ಖತನ.

ತೋಟದ ಬೆಳಕು ಬೇರೆಯೇ ಗೋಳು. ಮಧ್ಯಾಹ್ನದ ಬಿಸಿಲು ಮರದ ಹೆಡೆಗಳ, ಅಂದರೆ ಸೋಗೆಗಳ, ಸಂದಿಯಿಂದ ಇಳಿದು ನೆಲದ ಮೇಲೆ ಚಿಲ್ಲರೆ ಕಾಸು ಚೆಲ್ಲಿದ ಹಾಗೆ ಬೀಳುತ್ತದೆ. ನೋಡಲು ಚಂದ, ಫೋಟೊದಲ್ಲಿ ಮುಖದ ಮೇಲೆ ತೊನ್ನು. ಕಣ್ಣು ಮೊದಲು ಓಡುವುದು ಅತಿ ಬೆಳಕಿನ ಕಡೆಗೆ. ಆ ಜಾಗದಲ್ಲಿ ಬರೀ ದರಕು (ಒಣ ಎಲೆ) ಇದ್ದರೆ ಫೋಟೊದ ವಿಷಯವೇ ದರಕಾಯಿತು. ಇದನ್ನು ನೋಡಲು ಕಲಿಯುವುದಕ್ಕೆ ಕ್ಯಾಮೆರಾದ ಪಿಕ್ಚರ್ ಕಂಟ್ರೋಲನ್ನು ಮೊನೊಕ್ರೋಮಿಗೆ, ಅಂದರೆ ಕಪ್ಪು ಬಿಳುಪಿಗೆ, ಇಟ್ಟೆ. ಬಣ್ಣ ಹೋದ ಕೂಡಲೇ ಯಾವುದು ಬೆಳಕು, ಯಾವುದು ಕತ್ತಲು ಎಂಬುದಷ್ಟೇ ಪರದೆಯ ಮೇಲೆ ಉಳಿಯುತ್ತದೆ. ಕ್ಯಾಮೆರಾ ಕಂಡದ್ದನ್ನು ಹಾಗೇ ಇಡುವ ರಾ ಕಡತದಲ್ಲಿ ಬಣ್ಣ ಇದ್ದೇ ಇರುತ್ತದೆ, ಬೇಕಾದಾಗ ತೆಗೆದುಕೊಳ್ಳಬಹುದು. ಬರೀ ಜೆಪೆಗ್ ಆದರೆ ಹೋದದ್ದು ಹೋಯಿತು. ನಾನು ಒಂದು ದಿನ ಪೂರ್ತಿ ಬರೀ ಜೆಪೆಗ್‌ನಲ್ಲಿ ತೆಗೆದು, ಹಣ್ಣಡಿಕೆಯ ಗೊನೆಗಳನ್ನೆಲ್ಲ ಬೂದಿ ಬಣ್ಣಕ್ಕೆ ತಿರುಗಿಸಿದೆ. ಆ ವರ್ಷದ ಕೊನೆಯ ಕೊಯ್ಲು ಅದು. ಮತ್ತೊಂದಕ್ಕೆ ವರ್ಷ ಕಾಯಬೇಕಾಯಿತು.

ಕಾಯುವ ಮಾತು ಬಂದದ್ದರಿಂದ ಹೇಳುತ್ತೇನೆ, ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದು: ಮೊದಲು ರಂಗ, ಆಮೇಲೆ ವೇಷ. ಅಲ್ಲಿಯವರೆಗೆ ನಾನು ಮನುಷ್ಯರ ಬೆನ್ನು ಹತ್ತುತ್ತಿದ್ದೆ. ಕೊನೆಗೌಡ ಒಂದು ಮರದ ತುದಿಯಲ್ಲಿ ಕೊನೆ ಕೊಯ್ದು, ಮರವನ್ನೇ ತೂಗಿ ಪಕ್ಕದ ಮರ ಹಿಡಿದು ದಾಟುತ್ತಾನೆ. ನಾನು ಕೆಳಗೆ ಕತ್ತೆತ್ತಿಕೊಂಡು ಓಡುತ್ತಿದ್ದೆ. ಸಿಕ್ಕಿದ್ದೆಲ್ಲ ಹೆಡೆಯ ಮರೆಯಲ್ಲಿ ಅರ್ಧ ಕಾಲು, ಇಲ್ಲವೇ ಒಂದು ಕೈ. ಮಾರನೆಯ ಸಲ ಓಡಲಿಲ್ಲ. ಅಪ್ಪಯ್ಯನನ್ನು ಕೇಳಿ ಇವತ್ತು ಯಾವ ಸಾಲು ಎಂದು ತಿಳಿದುಕೊಂಡೆ. ಆ ಸಾಲಿನಲ್ಲಿ ಎರಡು ಮರಗಳ ನಡುವೆ ಆಕಾಶ ತೆರೆದಿರುವ ಒಂದು ಜಾಗ ಹುಡುಕಿದೆ, ಹಿಂದೆ ಹೆಡೆ ಇಲ್ಲದ್ದು. ಅಂಚು ಸುತ್ತಿ ನೋಡಿ, ಆಕಾಶಕ್ಕೆ ಬೆಳಕು ಅಳೆದು, ಶಟರ್ 1/1000 ಸೆಕೆಂಡಿಗೆ ಇಟ್ಟು, ಫೋಕಸನ್ನು ಮರದ ತುದಿಗೆ ಹಿಡಿದು ಕೈಯಿಂದ ಬೀಗ ಹಾಕಿ ಕೂತೆ. ಮುಕ್ಕಾಲು ಗಂಟೆ. ಇಂಬಳ (ಜಿಗಣೆ) ಎರಡು ಕಚ್ಚಿದ್ದು ಆಮೇಲೆ ಗೊತ್ತಾಯಿತು. ಗೌಡ ಬಂದ, ತೂಗಿದ, ಕೈ ಚಾಚಿದ. ಎರಡು ಮರದ ನಡುವೆ ಆಕಾಶಕ್ಕೆ ಅಡ್ಡಲಾಗಿ ಒಂದು ಮನುಷ್ಯ ಆಕಾರ, ಎಲ್ಲೂ ಏನೂ ತಾಗಿಲ್ಲ. ನಾಲ್ಕು ಫೋಟೊ ತೆಗೆದೆ, ಎರಡನೆಯದು ಸರಿ ಬಂತು.

ಕೆಳಗಿಳಿದ ಗೌಡ ಹಾಳೆಟೊಪ್ಪಿ ತೆಗೆದು ಬೆವರು ಒರೆಸಿಕೊಳ್ಳುತ್ತ ಪರದೆ ನೋಡಿದ. "ಸಣ್ಣ ಹೆಗಡೇರೆ, ಹಗ್ಗ ಎಲ್ಲೋಯ್ತು?" ಕೊನೆ ಇಳಿಸುವ ಹಗ್ಗ ಅವನ ಸೊಂಟದಿಂದ ಕೆಳಗೆ ಬರುತ್ತದೆ, ನನ್ನ ಚೌಕಟ್ಟಿನಲ್ಲಿ ಅದು ಕತ್ತರಿಸಿಹೋಗಿತ್ತು. ಅವನ ಕೆಲಸದ ಅರ್ಧ ಆ ಹಗ್ಗದಲ್ಲಿ ಇದೆ. ಚಂದಕ್ಕೆ ಬೇಡದ್ದನ್ನು ಬಿಡುವಾಗ ಬೇಕಾದದ್ದನ್ನೂ ಬಿಟ್ಟಿದ್ದೆ. ಮುಂದಿನ ಸಲ ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ಮೇಲೆ ಗೌಡ, ಕೆಳಗೆ ಹಗ್ಗ ಹಿಡಿದ ಹುಡುಗ, ನಡುವೆ ಜಾರಿ ಬರುತ್ತಿರುವ ಕೊನೆ ಎಲ್ಲ ಸಿಗುವಂತೆ ತೆಗೆದೆ. ಮೊದಲಿನದಕ್ಕಿಂತ ಗಲಿಬಿಲಿಯ ಫೋಟೊ. ನನಗೆ ಅದೇ ಹೆಚ್ಚು ಇಷ್ಟ.

ಹೀಗೆ ರಂಗ ಕಟ್ಟಿ ಕಾಯುವುದು ನನ್ನ ಕಂಡುಹಿಡಿತವೇನಲ್ಲ. ಫ್ರಾನ್ಸಿನ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸನ್ 1932ರಲ್ಲಿ ಇಯೇರ್ ಎಂಬ ಊರಲ್ಲಿ ತೆಗೆದ ಚಿತ್ರವೊಂದಿದೆ. ಮೇಲಿನಿಂದ ಕಾಣುವ ಸುತ್ತು ಮೆಟ್ಟಿಲು, ಕೆಳಗೆ ರಸ್ತೆಯ ತಿರುವಿನಲ್ಲಿ ಹಾದುಹೋಗುತ್ತಿರುವ ಸೈಕಲ್ಲು. ಆ ಮೆಟ್ಟಿಲಿನ ಸುರುಳಿ ಇಲ್ಲದಿದ್ದರೆ ಸೈಕಲ್ಲಿಗೆ ಅರ್ಥವಿಲ್ಲ. ನಮ್ಮ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಮಕ್ಕಳ ಚಿತ್ರಗಳನ್ನೂ ಇದೇ ಕಣ್ಣಿನಿಂದ ಮತ್ತೆ ನೋಡಿದೆ. ಮಕ್ಕಳನ್ನು ನೋಡುವ ಬದಲು ಮಕ್ಕಳ ಹಿಂದೆ ಏನು ಬಿಟ್ಟಿದ್ದಾರೆ ಎಂದು ಹುಡುಕಿದೆ. ಒಳ್ಳೆಯ ಫೋಟೊಗಳನ್ನು ನೋಡುವುದಕ್ಕಿಂತ ಅಗ್ಗದ ಗುರು ಇಲ್ಲ, ಲೆನ್ಸಿನ ದುಡ್ಡಂತೂ ಉಳಿಯುತ್ತದೆ.

ರಂಗ ಮೊದಲು ಎನ್ನುವ ಮಾತು ನಿಜವಾದ ರಂಗದಲ್ಲಿ ನನಗೆ ಕೈಕೊಟ್ಟದ್ದು ತಮಾಷೆ. ಊರ ಬಯಲಿನಲ್ಲಿ ಯಕ್ಷಗಾನದ ಆಟ. ವೇಷ ಯಾವುದಾದರೂ ಇರಲಿ, ಹಿಂದೆ ಮಾತ್ರ ಬಟ್ಟೆ ಅಂಗಡಿ, ಗೊಬ್ಬರದಂಗಡಿ, ಸೊಸೈಟಿಗಳ ಬ್ಯಾನರು. ನಡುವೆ ಮೈಕು. ಕರ್ಣನ ತಲೆಯ ಮೇಲೆ ಯೂರಿಯಾ ಚೀಲ! ಎದುರಿಗೆ ಕೂತು ಎರಡು ವರ್ಷ ತೆಗೆದ ಆಟದ ಫೋಟೊಗಳೆಲ್ಲ ಹೀಗೇ. ಮೂರನೇ ವರ್ಷ ರಂಗಸ್ಥಳದ ಪಕ್ಕಕ್ಕೆ, ತೀರಾ ಅಂಚಿಗೆ ಹೋಗಿ ಕೂತೆ. ಅಲ್ಲಿಂದ ಅಡ್ಡ ನೋಡಿದರೆ ವೇಷದ ಹಿಂದೆ ಬರೀ ರಾತ್ರಿ. ಬ್ಯಾನರು ಚೌಕಟ್ಟಿನ ಹೊರಗೆ. ವೇಷದ ತಲೆಗೆ ಕಟ್ಟುವ ಕೇದಿಗೆ ಮುಂದಲೆಯ ಅಂಚಿಗೆ ಆಚೆ ಬದಿಯ ದೀಪದ ಗೆರೆ ಬೇರೆ, ಬಿಟ್ಟಿಯಾಗಿ. ವೇಷಧಾರಿ ನೋಡುವ ಕಡೆ, ಕುಣಿದು ಹೋಗುವ ಕಡೆ ಜಾಗ ಬಿಟ್ಟು ಹಿಡಿದೆ. ಶಟರ್ 1/250ರಲ್ಲಿ ಕುಣಿತ ಕಲ್ಲಾಗಿ ನಿಲ್ಲುತ್ತದೆ. 1/30ಕ್ಕೆ ಇಳಿಸಿದರೆ ಗಿರಕಿಯಲ್ಲಿ ಸೀರೆ ಬಣ್ಣದ ಚಕ್ರವಾಗುತ್ತದೆ. ಹತ್ತರಲ್ಲಿ ಒಂದರಲ್ಲಿ ಮಾತ್ರ ಮುಖ ನೆಟ್ಟಗೆ ಉಳಿಯುತ್ತದೆ.

ಆದರೆ ಆಟದ ನನ್ನ ಒಳ್ಳೆಯ ಫೋಟೊ ರಂಗದ್ದಲ್ಲ, ಬಣ್ಣ ಹಚ್ಚಿಕೊಳ್ಳುವ ಚೌಕಿಯದು. ಯಜಮಾನರನ್ನು ಕೇಳಿಕೊಂಡು ಒಳಗೆ ಹೋಗಿ ಒಂದು ತಾಸು ಕ್ಯಾಮೆರಾ ಹೊರಗೆ ತೆಗೆಯದೆ ಕೂತೆ. ಫ್ಲ್ಯಾಶ್ ಹಾಕುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಬಣ್ಣ ಹಚ್ಚಿಕೊಳ್ಳುವವರ ಕೈಲಿ ಪುಟ್ಟ ಕನ್ನಡಿ. ಹೆಗಲ ಹಿಂದಿನಿಂದ ನೋಡಿದರೆ ಆ ಕನ್ನಡಿಯೇ ಒಂದು ಚೌಕಟ್ಟು, ಅದರೊಳಗೆ ಒಂದು ಕಣ್ಣು, ಅರ್ಧ ಬರೆದ ಹುಬ್ಬು. ಸುತ್ತ ಪೆಟ್ಟಿಗೆ, ಗೆಜ್ಜೆ, ನೀರಿನ ಬಾಟಲಿ, ನೇತುಹಾಕಿದ ಅಂಗಿ, ಎಲ್ಲ ರಾಡಿ. ಒಂದಿಷ್ಟು ಕೆಳಗೆ ಬಾಗಿ ಅವರ ಕಪ್ಪು ಬೆನ್ನನ್ನೇ ತೆರೆಯ ಹಾಗೆ ಮುಂದೆ ತಂದೆ. ರಾಡಿಯೆಲ್ಲ ಅದರ ಮರೆಗೆ ಹೋಯಿತು.

ಆರಿಸುವಾಗ ಮಾಡುವ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಎಲ್ಲ ಫೋಟೊಗಳನ್ನೂ ಪರದೆಯಲ್ಲಿ ಅಂಚೆಚೀಟಿಯಷ್ಟು ಸಣ್ಣದು ಮಾಡಿ ನೋಡುತ್ತೇನೆ. ಆ ಅಳತೆಯಲ್ಲೂ ಏನೆಂದು ಗೊತ್ತಾಗುವುದು ಹತ್ತಿಪ್ಪತ್ತು. ಉಳಿದವನ್ನು ಕ್ರಾಪ್ ಮಾಡಿ (ಅಂಚು ಕತ್ತರಿಸಿ) ಬದುಕಿಸಲು ಹೋಗುವುದಿಲ್ಲ. ಆದರೆ ಎಲ್ಲಿ ಕ್ರಾಪ್ ಮಾಡಬೇಕು ಎನಿಸುತ್ತದೋ ಅದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ: "ಎಡ ಕಡಿಮೆ", "ಕೂರಬೇಕಿತ್ತು", "ಕೊಡ". ಮುಂದಿನ ಸಲ ಊರಿಗೆ ಹೊರಡುವ ಮುನ್ನ ಬಸ್ಸಿನಲ್ಲಿ ಅದನ್ನೇ ಓದುವುದು. ಮೊದಲ ವರ್ಷದ ಪುಟಗಳಲ್ಲಿ "ಮರ" ಎಂಬ ಒಂದೇ ಪದ ಎಷ್ಟು ಸಲ ಇದೆಯೋ.

ಈ ವರ್ಷದ ಪುಟದಲ್ಲಿ ಇರುವುದು "ಹಬೆ". ಅಡಿಕೆ ಬೇಯಿಸುವ ಹಂಡೆಯಿಂದ ಏಳುವ ಹಬೆ ಕಣ್ಣಿಗೆ ಅಷ್ಟು ಚಂದ, ಫೋಟೊದಲ್ಲಿ ಕಾಣುವುದೇ ಇಲ್ಲ. ಹಿಂದಿನ ಗೋಡೆ ಸುಣ್ಣದ್ದು, ಬಿಳಿಯ ಮೇಲೆ ಬಿಳಿ. ಕಪ್ಪು ಹಿನ್ನೆಲೆ ಬೇಕು, ಬೆಳಕು ಹಿಂದಿನಿಂದ ಬರಬೇಕು. ಒಲೆಯನ್ನು ಕೊಟ್ಟಿಗೆಯ ಕಡೆ ತಿರುಗಿಸಿ ಹೂಡಿದರೆ ಎರಡೂ ಸಿಗುತ್ತವೆ ಎಂದು ಅಪ್ಪಯ್ಯನ ಹತ್ತಿರ ಮೆಲ್ಲಗೆ ಕೇಳಿ ನೋಡಿದೆ. "ನಿನ್ನ ಫೋಟಕ್ಕೆ ಹೇಳಿ ಒಲೆ ತಿರುಗ್ಸಲೆ ಆಗ್ತಿಲ್ಲೆ" ಎಂದರು. ಹಾಗಾಗಿ ನಾನೇ ತಿರುಗಿದೆ. ಬಚ್ಚಲ ಗೋಡೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತರೆ ಹಂಡೆಯ ಹಿಂದೆ ಕೊಟ್ಟಿಗೆಯ ಬಾಗಿಲಿನ ಕತ್ತಲು ಒಂದು ಗೇಣು ಸಿಗುತ್ತದೆ. ಸಂಜೆ ನಾಲ್ಕೂವರೆಯ ಹೊತ್ತಿಗೆ ಮಾಡಿನ ಸಂದಿಯಿಂದ ಬಿಸಿಲು ಆ ಹಬೆಗೆ ತಾಗುತ್ತದೆ. ಹತ್ತು ನಿಮಿಷ ಇರುತ್ತದೆ. ಆ ಹತ್ತು ನಿಮಿಷದಲ್ಲಿ ಹಂಡೆ ಕುದಿಯುತ್ತಿರಬೇಕು, ಅಪ್ಪಯ್ಯ ಜಾಲರಿ ಸೌಟು ಹಿಡಿದು ಅಲ್ಲಿ ಬಂದು ನಿಲ್ಲಬೇಕು, ಲೆನ್ಸಿಗೆ ಹಬೆ ಕಟ್ಟಬಾರದು. ಮೂರೂ ಒಟ್ಟಿಗೆ ಇನ್ನೂ ಆಗಿಲ್ಲ.